ನಾಲ್ಕನೇ ಅಧ್ಯಾಯ ಮತ್ತು ಒಂದು ಡಬ್ಬಿ ಟಾರು

ಹೋದ ಭಾನುವಾರ ಬೆಳಿಗ್ಗೆ ಎಂಟೂಕಾಲು ಗಂಟೆಗೆ, ಶಿಡ್ಲಘಟ್ಟದಿಂದ ಮೂರು ಮೈಲಿ ದೂರದ ಒಂದು ಗುಂಡುತೋಪಿನಲ್ಲಿ, ನಾನು ಸರ್ಕಾರದವನಲ್ಲ ಎಂದು ರುಜುವಾತು ಮಾಡಬೇಕಾಗಿ ಬಂತು.

ಕಷ್ಟದ ಕೆಲಸ. ಸರ್ಕಾರದವನು ಎನ್ನುವುದಕ್ಕೆ ಕಾಗದ ಇರುತ್ತದೆ, ಮೊಹರು ಇರುತ್ತದೆ. ಅಲ್ಲ ಎನ್ನುವುದಕ್ಕೆ ಏನು ತೋರಿಸುವುದು?

ಮೊದಲಿನಿಂದ ಹೇಳುತ್ತೇನೆ. ದಿನಚರಿ ಮುಂದಿಟ್ಟುಕೊಂಡೇ ಹೇಳುತ್ತೇನೆ. (ನನ್ನ ಲೆಕ್ಕದ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಮಳೆ ಬಂದ ದಿನ, ರೈಲು ತಡವಾದ ನಿಮಿಷ, ಓದಿದ ಪುಟ, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಕಾಲಂ ಇದೆ.)

ನಮ್ಮ ಬೀದಿಯ ಕೊನೆಮನೆಯಲ್ಲಿ ರಿಟೈರಾದ ಭೂಗೋಳದ ಮೇಷ್ಟ್ರೊಬ್ಬರಿದ್ದಾರೆ. ಅವರ ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದೆ. ಅಟ್ಟೆ ಹರಿದುಹೋಗಿದೆ, ಹೆಸರಿನ ಪುಟವೂ ಇಲ್ಲ. ಒಳಗಿರುವುದು ಮನುಷ್ಯನಿಗೂ ಕಾಡಿಗೂ ಇರುವ ಸಂಬಂಧದ ಚರಿತ್ರೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಎಂಟು ಪುಟದಂತೆ ಶುರುಮಾಡಿದೆ.

ಮೊದಲ ಅಧ್ಯಾಯದಲ್ಲಿ, ಕೊಡಲಿ ಎತ್ತುವ ಮೊದಲು ಮರದ ಅಪ್ಪಣೆ ಕೇಳುತ್ತಿದ್ದ ಹಿಂದಿನ ಕಾಲದ ಜನ. ಎರಡನೆಯದರಲ್ಲಿ, ಭೂಮಿಯ ಮೇಲಿರುವುದೆಲ್ಲ ಮನುಷ್ಯನಿಗಾಗಿಯೇ ಇದೆ ಎಂದು ನಂಬಿದವರು, ಅಲ್ಲ ಎಂದು ಅವರೊಡನೆ ಜಗಳ ಆಡಿದವರು. ಮೂರನೆಯದರಲ್ಲಿ ಹಡಗಿಗೆ, ಇದ್ದಿಲಿಗೆ, ರೈಲುಹಳಿಯ ಕೆಳಗಿನ ದಿಮ್ಮಿಗೆ ಎಂದು ಬರಿದಾದ ಗುಡ್ಡಗಳು, ಅವುಗಳ ಹಿಂದೆಯೇ ಬತ್ತಿದ ಹೊಳೆಗಳು. ಓದಿ ಎರಡು ದಿನ ಊಟ ರುಚಿಸಲಿಲ್ಲ.

ನಾಲ್ಕನೆಯದರಲ್ಲಿ ಕೆಲವರು ಎಚ್ಚೆತ್ತುಕೊಳ್ಳುತ್ತಾರೆ. ಏನಿದೆ ಎಂದೇ ತಿಳಿಯದೆ ಉಳಿಸುವುದು ಏನನ್ನು ಎಂದು ಕೇಳುತ್ತಾರೆ. ಕಾಡಿಗೆ ನುಗ್ಗಿ ಮರಮರವನ್ನೂ ಎಣಿಸಿ, ಸುತ್ತಳತೆ ತೆಗೆದು, ನಂಬರು ಹಾಕಿ, ಬರೆದಿಡುತ್ತಾರೆ.

ಇದು ನನಗೋಸ್ಕರವೇ ಬರೆದ ಅಧ್ಯಾಯ ಎನಿಸಿತು. ನಮ್ಮ ಕಡೆ ಒಂದು ಹುಣಿಸೆಮರ ಮಾಯವಾದರೆ ಯಾರ ಪುಸ್ತಕದಲ್ಲಿ ದಾಖಲಾಗುತ್ತದೆ? ಪುಸ್ತಕ ಮುಚ್ಚಿ ಸೈಕಲ್ ಹತ್ತಿದೆ.

ಚಿಂತಾಮಣಿ ರಸ್ತೆಯ ಬದಿಯಲ್ಲಿ ಒಂದು ಹಳ್ಳಿಯ ಗುಂಡುತೋಪಿದೆ. ನಿಮ್ಮೂರಲ್ಲೂ ಇದ್ದೀತು: ಊರಿಗೆಲ್ಲ ಸೇರಿದ, ಯಾರೊಬ್ಬರದೂ ಅಲ್ಲದ ತೋಪು. ಬೇಸಿಗೆಯಲ್ಲಿ ದನ ಮಲಗುತ್ತವೆ, ಮದುವೆಯ ಗಾಡಿಗಳು ನಿಲ್ಲುತ್ತವೆ. ಮೂರು ವಾರದ ಹಿಂದಿನ ಭಾನುವಾರ ಅಲ್ಲಿ ಎಣಿಸಿದೆ. ಹೊಂಗೆ ಮೂವತ್ತೊಂದು, ಹುಣಿಸೆ ಹದಿನಾಲ್ಕು, ಮಾವು ಒಂಬತ್ತು, ನೇರಳೆ ಆರು, ಬೇವು ನಾಲ್ಕು. ಒಟ್ಟು ಅರವತ್ತನಾಲ್ಕು. ಎರಡನೇ ಸಲ ತಪ್ಪಬಾರದಲ್ಲ? ಪ್ರತಿ ಮರಕ್ಕೂ ಅಂಗೈಯಗಲ ಸುಣ್ಣ ಬಳಿದು, ಅದರ ಮೇಲೆ ಟಾರಿನಲ್ಲಿ ನಂಬರು ಬರೆದೆ. (ಟಾರು ರಸ್ತೆ ಕೆಲಸದವರು ಕೊಟ್ಟಿದ್ದು. ಒಂದು ಡಬ್ಬಿ.)

ಹೊಂಗೆಕಾಯಿ ಆರಿಸುತ್ತಿದ್ದ ಮುದುಕಿಯೊಬ್ಬಳು ಬೆನ್ನು ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತ ನಿಂತಳು. ಹೆಸರು ಮುನಿಯಮ್ಮ ಎಂದು ಆಮೇಲೆ ಗೊತ್ತಾಯಿತು. ಆ ಕಾಯಿಯ ಬೀಜದ ಎಣ್ಣೆಯೇ ಅವಳ ಮನೆಯ ದೀಪಕ್ಕೆ.

"ಏನಪ್ಪಾ ಅದು, ಮರಕ್ಕೆ ಬರೀತಾ ಇದ್ದೀಯಾ?"

"ಏನಿಲ್ಲ ಅಜ್ಜಿ. ಸುಮ್ನೆ ಎಣಿಸ್ತಾ ಇದ್ದೀನಿ ಅಷ್ಟೆ."

ಅವಳು ಮತ್ತೆ ಕಾಯಿ ಆರಿಸತೊಡಗಿದಳು. 'ಒಬ್ಬಳು ಮುದುಕಿ, ಹೊಂಗೆಕಾಯಿ ಒಂದು ಪುಟ್ಟಿ' ಎಂದು ಅದನ್ನೂ ಬರೆದುಕೊಂಡು ಬಂದೆ.

ಆಮೇಲಿನ ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಅರವತ್ತನಾಲ್ಕು ಮರಗಳ ಪಟ್ಟಿಯನ್ನು ನೀಟಾಗಿ ಕಾಪಿ ಮಾಡುವುದರಲ್ಲೇ ಕಳೆಯಿತು. ಎಷ್ಟು ಹೆಮ್ಮೆಯಿಂದ ಮಾಡಿದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆ.

ಹೋದ ಭಾನುವಾರ ಪಟ್ಟಿ ಹಿಡಿದು ಹೋದರೆ, ಏಳು ಮರಕ್ಕೆ ಮಚ್ಚು ಬಿದ್ದಿದೆ. ಐದು ಬೋಳಾಗಿ ನಿಂತಿವೆ. ಎರಡು ಹುಣಿಸೆಯನ್ನಂತೂ ಬುಡದವರೆಗೂ ಕಡಿದಿದ್ದಾರೆ. ತೋಪಿನಲ್ಲಿ ಹತ್ತು ಹನ್ನೆರಡು ಜನ, ಕೈಯಲ್ಲಿ ಮಚ್ಚು, ಹಗ್ಗ. ಮುಂದೆ ಬಂದವರು ನಾರಾಯಣಪ್ಪ, ಆ ಊರಲ್ಲಿ ಮಾತು ನಡೆಯುವ ಮನುಷ್ಯ.

"ಹರಾಜು ಯಾವತ್ತು ಸ್ವಾಮಿ?"

"ಯಾವ ಹರಾಜು?"

"ನಂಬರ್ ಹಾಕ್ದೋರು ನೀವೇ ಅಲ್ವಾ? ನಂಬರ್ ಬಿದ್ಮೇಲೆ ಹರಾಜು, ಹರಾಜಾದ್ಮೇಲೆ ಲಾರಿ. ನಮಗೆ ಗೊತ್ತಿಲ್ವಾ? ಹೆಂಗೂ ಹೋಗೋ ಮರ, ನಮ್ ಮನೆ ಒಲೆಗಾದ್ರೂ ಆಗ್ಲಿ ಅಂತ ಕಡ್ಕೊಂತಾ ಇದ್ದೀವಿ. ಕೇಸು ಗೀಸು ಹಾಕ್ಬೇಡಿ."

ಹರಾಜೂ ಇಲ್ಲ, ಲಾರಿಯೂ ಇಲ್ಲ, ನನಗೋಸ್ಕರ ನಾನೇ ಹಾಕಿದ ನಂಬರು ಎಂದೆ. ಇನ್ನು ಒಂದು ಮರವನ್ನೂ ಮುಟ್ಟಬೇಡಿ ಎಂದು ಬೇಡಿಕೊಂಡೆ.

"ನಿಮಗೋಸ್ಕರಾನಾ? ನಮ್ ಊರಿನ ಮರಕ್ಕಾ?"

ಸರಿಯಾದ ಪ್ರಶ್ನೆ.

"ಸರ್ಕಾರದೋನಲ್ಲ ಅನ್ನೋಕೆ ಏನಾದ್ರೂ ಕಾಗದ ಐತಾ?"

ಇದ್ದದ್ದು ದಿನಚರಿ ಒಂದೇ. ಕೊಟ್ಟೆ. ನಾರಾಯಣಪ್ಪ ಪುಟ ತಿರುಗಿಸಿದರು. ಮರದ ಜಾತಿ, ಇಂಚಿನಲ್ಲಿ ಸುತ್ತಳತೆ, ಕೆಂಪು ಶಾಯಿಯಲ್ಲಿ ಮೊತ್ತ.

"ಇಷ್ಟು ಅಚ್ಚುಕಟ್ಟಾಗಿ ಸರ್ಕಾರದೋರು ಬಿಟ್ರೆ ಇನ್ಯಾರು ಬರೀತಾರೆ ಸ್ವಾಮಿ?" ಎಂದು ವಾಪಸ್ ಕೊಟ್ಟರು. ಒಬ್ಬ ಆಗಲೇ ಎಂಟನೇ ಮರಕ್ಕೆ ಹಗ್ಗ ಎಸೆಯುತ್ತಿದ್ದ.

ಅಷ್ಟರಲ್ಲಿ ರಸ್ತೆ ಕಡೆಯಿಂದ ಒಂದು ಎತ್ತಿನಗಾಡಿ ಬಂತು. ನಮ್ಮ ಬೀದಿಯ ಬಾಷಾ ಸಾಬರದು. ಮನೆಯಲ್ಲಿ ನಾಲ್ಕು ಚರಕ ಇಟ್ಟು ರೇಷ್ಮೆಗೂಡಿನಿಂದ ನೂಲು ಬಿಚ್ಚಿಸುತ್ತಾರೆ. ಗೂಡು ಬೇಯಿಸುವ ಒಲೆ ಹಗಲೆಲ್ಲ ಆರುವಂತಿಲ್ಲ, ಹಾಗಾಗಿ ಸೌದೆಯ ಸುದ್ದಿ ಅವರಿಗೆ ಬೇಗ ಮುಟ್ಟುತ್ತದೆ. ತೋಪಿಗೆ ನಂಬರು ಬಿದ್ದಿದೆ ಎಂದು ಕೇಳಿಯೇ ಖಾಲಿ ಗಾಡಿ ಹೊಡೆದುಕೊಂಡು ಬಂದಿದ್ದರು.

ನನ್ನನ್ನು ನೋಡಿದರು, ಮರದ ಮೇಲಿನ ನಂಬರು ನೋಡಿದರು. ತಮ್ಮ ಖಾಲಿ ಗಾಡಿಯನ್ನೂ ಒಮ್ಮೆ ತಿರುಗಿ ನೋಡಿದರು.

"ಅರೆ, ಇವ್ರಾ? ಇವ್ರು ಸರ್ಕಾರ ಅಲ್ಲ ನಾರಾಯಣಪ್ಪ. ನನ್ ಚರಕ ದಿನಕ್ಕೆ ಎಷ್ಟು ಸಲ ನಿಲ್ತದೆ ಅಂತ ಬರ್ಕೊಳ್ಳೋ ಮನುಷ್ಯ. ಅವರ ಮನೆ ಮೆಟ್ಲು ಎಷ್ಟು, ಕೇಳಿ ನೋಡಿ."

"ಎಷ್ಟು?" ಎಂದರು ನಾರಾಯಣಪ್ಪ.

"ಹನ್ನೊಂದು," ಎಂದೆ. "ಒಂದು ಒಡೆದಿದೆ."

ಯಾರೋ ನಕ್ಕರು. ಹಗ್ಗ ಕೆಳಗಿಳಿಯಿತು.

ಬಾಷಾ ಸಾಬರು ಸುಮ್ಮನಿದ್ದಿದ್ದರೆ ಅವರ ಗಾಡಿ ತುಂಬುತ್ತಿತ್ತು. ಖಾಲಿ ಗಾಡಿಯನ್ನೇ ತಿರುಗಿಸಿಕೊಂಡು ಹೊರಟರು. ಹೊರಡುವಾಗ ನನಗೆ ಹೇಳಿದ್ದು ಇಷ್ಟೆ: "ಮುಂದಿನ್ ಸಲ ಎಣಿಸೋವಾಗ ಕಣ್ಣಲ್ಲೇ ಎಣಿಸಿ ಸ್ವಾಮಿ."

ಅಲ್ಲಿಯವರೆಗೂ ದೂರದಲ್ಲಿ ಕೂತಿದ್ದ ಮುನಿಯಮ್ಮ ಈಗ ಎದ್ದು ಬಂದಳು. ಬೈಯುತ್ತಾಳೆಂದುಕೊಂಡೆ. ನನ್ನನ್ನು ತೋಪಿನ ಮಧ್ಯದ ಒಂದು ಹೊಂಗೆಯ ಹತ್ತಿರ ಕರೆದುಕೊಂಡು ಹೋದಳು. ನನ್ನ ಪಟ್ಟಿಯ ಪ್ರಕಾರ ಇಪ್ಪತ್ತೆರಡನೇ ಮರ. ನಂಬರು ಇರಲಿಲ್ಲ. ನಂಬರಿದ್ದ ಜಾಗದ ತೊಗಟೆಯೂ ಕಿತ್ತುಬಂದಿತ್ತು, ಅದಕ್ಕೆ ಸಗಣಿ ಮಣ್ಣು ಮೆತ್ತಿದ್ದಳು.

"ಕಲ್ಲು ತಗೊಂಡು ಉಜ್ದೆ ಕಣಪ್ಪ. ಇದೊಂದ್ರದ್ದು ಅಳಿಸ್ದೆ, ನಂಬರ್ ಇಲ್ದಿದ್ರೆ ಲೆಕ್ಕಕ್ಕೆ ಬರಲ್ಲ ಅಂತ. ಮಿಕ್ಕಿದ್ದಕ್ಕೆ ಕೈಯಾಗ್ಲಿಲ್ಲ."

"ಅಜ್ಜಿ, ನಾನು ಅವತ್ತೇ ಹೇಳಿದ್ನಲ್ಲ, ಸುಮ್ನೆ ಎಣಿಸ್ತೀನಿ ಅಂತ?"

"ನಾನು ಲಂಗ ಹಾಕ್ಕೊಂಡು ದನ ಮೇಯಿಸೋ ಕಾಲಕ್ಕೆ ಒಬ್ಬ ಬಂದಿದ್ದ. ನಿನ್ ತರಾನೇ ಬುಕ್ಕು ಹಿಡ್ಕೊಂಡು, ಒಳ್ಳೆ ಹುಡುಗ. ಮಜ್ಜಿಗೆ ಕೊಟ್ಟಿದ್ವಿ. ಅವ್ನೂ ಸುಮ್ನೆ ಎಣಿಸ್ತೀನಿ ಅಂದಿದ್ದ. ಕೆರೆ ಆ ಕಡೆ ಗುಡ್ಡ ಕಾಣ್ತದಲ್ಲ? ಅವಾಗ ಅದು ಕಾಣ್ತಾ ಇರಲಿಲ್ಲ. ಅಷ್ಟು ಮರ ಇತ್ತು."

ನೋಡಿದೆ. ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ಒಂದೊಂದು ಬಂಡೆಯನ್ನೂ ಎಣಿಸಬಹುದಿತ್ತು.

ಸೀಮೆಎಣ್ಣೆ, ಗೋಣಿಚೀಲದ ಚೂರು ಹಿಡಿದು ಆ ದಿನವೆಲ್ಲ ಟಾರು ಒರೆಸಿದೆ. ಅರವತ್ತೊಂದು ನಂಬರು. ಮುನಿಯಮ್ಮ ಹಿಂದೆಯೇ ಬಂದು, ಬಿಟ್ಟುಹೋದ ಕಡೆ ಬೆರಳು ತೋರಿಸಿದಳು. ಮಚ್ಚು ಬಿದ್ದ ಏಳರಲ್ಲಿ ಐದು ಮಳೆ ಬಿದ್ದರೆ ಚಿಗುರುತ್ತವೆ ಎಂದಳು.

ಸೋಮವಾರ ಬೆಳಿಗ್ಗೆ ಐದನೇ ಅಧ್ಯಾಯ ತೆಗೆದೆ.

ಎಣಿಸಿದವರು ಒಳ್ಳೆಯವರೇ, ಕಾಡನ್ನು ಪ್ರೀತಿಸಿದವರೇ ಎನ್ನುತ್ತದೆ ಪುಸ್ತಕ. ಆದರೆ ಅವರು ಬರೆದ ಪಟ್ಟಿ ಮರ ಮಾರುವವರ ಮೇಜಿಗೆ ಹೋಯಿತು. ಯಾವ ಮರ ಎಲ್ಲಿದೆ, ಎಷ್ಟು ದಪ್ಪವಿದೆ, ಎಲ್ಲ ಸಿದ್ಧವಾಗಿತ್ತು. ಬೇಲಿ ಬಂತು. ಅಲ್ಲೇ ಬದುಕಿದ್ದವರು ಸೌದೆಗೆ ಚೀಟಿ ಕೇಳಬೇಕಾಯಿತು. ನಂಬರು ಕಂಡ ಕೂಡಲೇ, ಇನ್ನು ಇದು ನಮ್ಮದಲ್ಲ ಎಂದು ತಾವೇ ಮೊದಲು ಕಡಿಯುವುದನ್ನು ಜನ ಕಲಿತರು. ಎಂಟು ಪುಟವೂ ನಾರಾಯಣಪ್ಪನವರ ಮಾತೇ. ಇಂಗ್ಲಿಷಿನಲ್ಲಿತ್ತು, ಅಷ್ಟೆ.

ಪುಸ್ತಕ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಾಲ್ಕನೇ ಅಧ್ಯಾಯಕ್ಕೇ ಎದ್ದು ಹೊರಟ್ಬಿಟ್ಯಾ?"

"ಒಟ್ಟು ಎಷ್ಟು ಅಧ್ಯಾಯ ಇದೆ ಸಾರ್?"

"ಹನ್ನೊಂದು. ಕೊನೇ ಎರಡನ್ನ ಹುಳ ತಿಂದಿದೆ. ಅದ್ರಲ್ಲೇನಿತ್ತೋ ನನಗೂ ಗೊತ್ತಿಲ್ಲ ಕಣಯ್ಯ."

ಓದುವುದನ್ನು ಬಿಡುವುದಿಲ್ಲ. ದಿನಕ್ಕೆ ಎಂಟು ಪುಟ ನಡೆದೇ ಇದೆ. ತೋಪಿಗೂ ಹೋಗುತ್ತೇನೆ, ಚಿಗುರು ನೋಡಲು. ಟಾರಿನ ಡಬ್ಬಿಯನ್ನು ಮಾತ್ರ ರಸ್ತೆಯವರಿಗೆ ವಾಪಸ್ ಕೊಟ್ಟಿದ್ದೇನೆ.

ನಿಮ್ಮೂರಿನ ತೋಪಿಗೂ ನನ್ನಂಥವನೊಬ್ಬ ಪುಸ್ತಕ ಹಿಡಿದು ಬರಬಹುದು. ಮಜ್ಜಿಗೆ ಕೊಡಿ, ನೆರಳಲ್ಲಿ ಕೂರಿಸಿ, ಆಮೇಲೆ ಒಂದೇ ಒಂದು ಮಾತು ಕೇಳಿ: ಯಾವ ಅಧ್ಯಾಯದಲ್ಲಿದ್ದೀಯಪ್ಪ?