ಹೊಡೆದು ಹಾಕದ ವಿಳಾಸ

ದೇರಪ್ಪನವರನ್ನು ನಮ್ಮೂರಲ್ಲಿ ಯಾರೂ ದೇರಪ್ಪ ಎಂದು ಕರೆಯುವುದಿಲ್ಲ. ಪೋಸ್ಟಣ್ಣ, ಅಷ್ಟೇ. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು, ಖಾಕಿ ಅಂಗಿ ಬಿಟ್ಟು ಬಿಳಿ ಅಂಗಿ ಬಂತು, ಹೆಸರು ಮಾತ್ರ ಬಿಡಲಿಲ್ಲ. ಮಡಿಕೇರಿಯಿಂದ ಗಾಳಿಬೀಡು ದಾಟಿ ಇನ್ನೂ ಒಳಕ್ಕೆ ಬಂದರೆ ಸಿಗುವ ಊರು ನಮ್ಮದು. ನಾನು ಕೊಡ್ಲಿಪೇಟೆಯವನು, ಇಲ್ಲಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದು ಒಂಬತ್ತು ವರ್ಷ. ಬಂದ ದಿನ ನನಗೆ ಬಾಡಿಗೆ ಮನೆ ತೋರಿಸಿದವರೇ ಪೋಸ್ಟಣ್ಣ. ಮನೆ ನಂಬರು ಎಷ್ಟು ಎಂದು ಕೇಳಿದೆ, ನೋಡಿ ನನ್ನ ದಡ್ಡತನ. "ನಂಬರು ಯಾರಿಗೆ ಬೇಕು ಮಾರಾಯ್ರೆ? ನಿಮ್ಮ ಹೆಸರು ಹೇಳಿ ಸಾಕು, ಕಾಗದ ಬಂದು ಮುಟ್ತದೆ" ಎಂದರು.

ಮೂವತ್ತೆರಡು ವರ್ಷ ಆ ಮನುಷ್ಯ ಈ ಗುಡ್ಡಗಳಲ್ಲಿ ನಡೆದಿದ್ದಾರೆ. ಒಂದು ಹೆಸರು ಹೇಳಿದರೆ ಸಾಕು, ಯಾವ ಎಸ್ಟೇಟು, ಕೂಲಿಯವರ ಯಾವ ಲೈನ್ ಮನೆ, ಬಾಗಿಲಲ್ಲಿ ನಾಯಿ ಇದೆಯೋ ಇಲ್ಲವೋ, ಎಲ್ಲ ನಾಲಿಗೆಯ ತುದಿಯಲ್ಲಿ. ಎದುರು ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಊರು ಬಿಟ್ಟು ಬೇರೆಡೆ ಹೋದವರ ಹೊಸ ವಿಳಾಸ ಅದರಲ್ಲಿ. ಎರಡು ಸಾವಿರದ ಹದಿನೆಂಟರಲ್ಲಿ ಗುಡ್ಡ ಕುಸಿದು ಅರ್ಧ ಊರು ಚೆಲ್ಲಾಪಿಲ್ಲಿಯಾದಾಗ ಅದೇ ಪುಸ್ತಕ ನೋಡಿ ಜನರಿಗೆ ಕಾಗದ ಮುಟ್ಟಿಸಿದರೆಂದು ಅವರಿಗೆ ಶಾಲು ಹೊದಿಸಿದ್ದರು. ಆ ದಿನ ಪೋಸ್ಟಣ್ಣ ಯಾಕೋ ತಲೆ ಎತ್ತಲೇ ಇಲ್ಲ. ನಾಚಿಕೆಯಿರಬೇಕು ಎಂದುಕೊಂಡೆವು. ನಿವೃತ್ತಿಯಾದ ಮೇಲೂ ಆ ಪುಸ್ತಕ ಜೇಬಿನಲ್ಲೇ ಇತ್ತು. "ಇನ್ನೂ ಯಾಕೆ ಹೊತ್ಕೊಂಡು ತಿರುಗ್ತೀರಿ?" ಎಂದು ನಾನು ಗೇಲಿ ಮಾಡಿದರೆ, "ಇರ್ಲಿ ಬಿಡಿ" ಎಂದು ಜೇಬು ಮುಚ್ಚಿಕೊಳ್ಳುತ್ತಿದ್ದರು.

ಮೊನ್ನೆ ಜುಲೈಯಲ್ಲಿ, ಬುಧವಾರ, ಮಧ್ಯಾಹ್ನ ಎರಡು ಗಂಟೆ. ಹಿಂದಿನ ದಿನದ ಗಾಳಿಗೆ ತಿರುವಿನ ಹತ್ತಿರ ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ಬೆಳಿಗ್ಗೆ ಒಂಬತ್ತರ ನಂತರ ಮೊಬೈಲ್ ಟವರ್ ಕೂಡ ಸತ್ತಿತ್ತು. ಊರಿಗೆಲ್ಲ ಉಳಿದದ್ದು ಯುವಕ ಸಂಘದ ವಾಚನಾಲಯದ ಒಂದು ಇಂಟರ್ನೆಟ್ ತಂತಿ ಮತ್ತು ಒಂದು ಬ್ಯಾಟರಿ. ವೈಫೈ ಏಪ್ರಿಲ್ ಸಿಡಿಲಿಗೆ ಸುಟ್ಟುಹೋಗಿದ್ದರಿಂದ ಆ ತಂತಿ ಹೋಗುತ್ತಿದ್ದದ್ದು ನೇರ ಅಲ್ಲಿಯ ಹಳೆಯ ಕಂಪ್ಯೂಟರಿಗೆ. ಯಾವುದೋ ಎಸ್ಟೇಟ್ ಆಫೀಸಿನವರು ಬಿಸಾಡಬೇಕಿದ್ದ ಯಂತ್ರ ಅದು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಬದುಕಿಸಿದವನು ನಾನೇ. ಊರಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂದು ನನಗೆ ಆಗ ಸ್ವಲ್ಪ ಕೊಬ್ಬಿತ್ತು, ಯಾಕೆ ಮುಚ್ಚಿಡಲಿ.

ಪೋಸ್ಟಣ್ಣ ನಮ್ಮ ಶಾಲೆಗೇ ಏದುಸಿರು ಬಿಡುತ್ತ ಬಂದರು. ಹಿಂದೆ ಅನುಶ್ರೀ, ಎಸ್ಟೇಟ್ ಜೀಪು ಓಡಿಸುವ ನಾಗರಾಜುವಿನ ಮಗಳು, ಎದೆಗೆ ಫೈಲು ಅವುಚಿಕೊಂಡಿದ್ದಳು.

"ಮಾಸ್ಟ್ರೇ, ಈ ಹುಡುಗಿಗೆ ನರ್ಸಿಂಗ್ ಸೀಟು ಬಂದುಂಟು. ನಾಲ್ಕು ಗಂಟೆ ಒಳಗೆ ಕಂಪ್ಯೂಟರಲ್ಲಿ ಒಪ್ಪಿಗೆ ಕೊಡದಿದ್ರೆ ಬೇರೆಯವರಿಗೆ ಹೋಗ್ತದಂತೆ. ಮೊಬೈಲಲ್ಲಿ ಅದು ಆಗುದಿಲ್ಲ. ಮಡಿಕೇರಿಗೆ ಹೋಗುವ ಹಾಗಿಲ್ಲ. ಬನ್ನಿ, ಬನ್ನಿ."

ನಾಗರಾಜುವಿನ ಮಗಳಿಗಾಗಿ ಅರವತ್ತನಾಲ್ಕರ ಈ ಮುದುಕ ಯಾಕೆ ಇಷ್ಟು ಪರದಾಡುತ್ತಿದ್ದಾರೆ ಎಂದು ನನಗೆ ಅನ್ನಿಸದೇ ಇರಲಿಲ್ಲ. ಕೇಳಲು ಹೊತ್ತಿರಲಿಲ್ಲ.

ವಾಚನಾಲಯ ನೋಡಿಕೊಳ್ಳುವ ಕುಸುಮಾ ಅನುಶ್ರೀಯ ಫೈಲು ಕಂಡೊಡನೆ ಮುಖ ಸಣ್ಣ ಮಾಡಿದಳು. "ಸರ್, ಆ ಸೀಟಿನ ಸೈಟು ಮೂರು ವಾರದಿಂದ ಓಪನ್ನೇ ಆಗ್ತಿಲ್ಲ. ಬೇರೆ ಎಲ್ಲ ಬರ್ತದೆ, ಅದೊಂದು ಬರುದಿಲ್ಲ. ನಿಮಗೆ ಫೋನ್ ಮಾಡಿದ್ನಲ್ಲ, ಅದು ಅವರದೇ ಪ್ರಾಬ್ಲಮ್ ಅಂದ್ರಿ."

ಅಂದಿದ್ದೆ. ಶಾಲೆಯಲ್ಲಿ ಊಟ ಮಾಡುತ್ತ, ಎದ್ದು ಬಂದು ನೋಡದೆ, ಬಾಯಲ್ಲಿ ಅನ್ನ ಇಟ್ಟುಕೊಂಡೇ ಅಂದಿದ್ದೆ.

"ಅವರದೇ ಇರಬೇಕು" ಎಂದೆ ಈಗಲೂ.

"ಇಲ್ಲ ಸಾರ್" ಎಂದಳು ಅನುಶ್ರೀ. "ಟವರ್ ಹೋಗೋಕೆ ಮುಂಚೆ ನನ್ ಫ್ರೆಂಡು ಮಡಿಕೇರಿಯಿಂದ ಮೆಸೇಜ್ ಮಾಡಿದ್ಲು. ಅವಳದ್ದು ಎಂಟು ಗಂಟೆಗೇ ಆಯ್ತಂತೆ. ಸೈಟ್ ಚೆನ್ನಾಗೇ ಇದೆ."

ಕುರ್ಚಿ ಎಳೆದುಕೊಂಡು ಕೂತೆ. ತಂತಿ ಸರಿ ಇತ್ತು. ಬೇರೆ ಸೈಟುಗಳು ಪಟಪಟ ತೆರೆದವು. ಇದು ಮಾತ್ರ ತಿರುಗಿ ತಿರುಗಿ, ಸಂಪರ್ಕ ಆಗಲಿಲ್ಲ ಎಂದು ಬಿಳಿ ಹಾಳೆ ತೋರಿಸಿತು. ಬ್ರೌಸರಿನ ನೆನಪೆಲ್ಲ ಅಳಿಸಿದೆ. ಬೇರೆ ಬ್ರೌಸರು ನೋಡಿದೆ. ಹೆಸರು ಕೇಳುವ ಸರ್ವರನ್ನೇ ಬದಲಾಯಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಎರಡೂ ಮುಕ್ಕಾಲು.

"ಹೆಸರು ಕೇಳುವುದು ಅಂದ್ರೆ ಎಂತದು?" ಎಂದರು ಪೋಸ್ಟಣ್ಣ, ನನ್ನ ಭುಜದ ಹಿಂದಿನಿಂದ.

ನನಗೆ ಸಿಟ್ಟು ಬಂತು. ಆದರೂ ಹೇಳಿದೆ. ಸೈಟಿನ ಹೆಸರು ನಮಗೆ, ಕಂಪ್ಯೂಟರಿಗೆ ಬೇಕಾದದ್ದು ನಂಬರು. ನಾವು ಹೆಸರು ಬರೆದರೆ ಅದು ಹೊರಗಿನ ಇನ್ನೊಂದು ಕಂಪ್ಯೂಟರನ್ನು ಕೇಳಿ ನಂಬರು ತಿಳಿದುಕೊಂಡು ಆ ನಂಬರಿಗೆ ಹೋಗುತ್ತದೆ ಎಂದೆ. "ಓ, ನಮ್ಮ ಕೆಲಸವೇ" ಎಂದರು.

ಆಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಡಿಗ್ ಎಂಬ ಆಜ್ಞೆ ಕೊಟ್ಟು, ಈ ಹೆಸರಿನ ನಂಬರು ಯಾವುದು ಎಂದು ಹೊರಗಿನ ಸರ್ವರನ್ನೇ ನೇರ ಕೇಳಿದೆ. ಸರಿಯಾಗಿ ಉತ್ತರ ಬಂತು, ಕೊನೆಯಲ್ಲಿ ಐವತ್ತೆಂಟು. ಹಾಗಾದರೆ ಹೋಗಲಿಕ್ಕೇನು ಧಾಡಿ ಎಂದು ಅದೇ ಹೆಸರಿಗೆ ಪಿಂಗ್ ಕೊಟ್ಟೆ, ಅಂದರೆ ಆ ಕಡೆಯ ಬಾಗಿಲು ತಟ್ಟಿ ನೋಡುವ ಆಜ್ಞೆ. ಕಂಪ್ಯೂಟರು ಹೊರಟದ್ದು ಬೇರೆ ನಂಬರಿಗೆ. ಕೊನೆಯಲ್ಲಿ ಹದಿನಾಲ್ಕು.

"ಅಯ್ಯೋ ಶಿವನೇ!" ಎಂದು ಕೂಗಿಯೇ ಬಿಟ್ಟೆ. ಒಂದೇ ಹೆಸರು, ಒಂದೇ ಯಂತ್ರ. ಕೇಳಿದರೆ ಒಂದು ನಂಬರು ಹೇಳುತ್ತದೆ, ಹೋಗುವಾಗ ಇನ್ನೊಂದಕ್ಕೆ ಹೋಗುತ್ತದೆ! ಯಾರೋ ಒಳಗೆ ಕೂತು ಮೋಸ ಮಾಡುತ್ತಿದ್ದಾರೆ ಅನ್ನಿಸಿತು. ವೈರಸ್ಸೋ, ಕಳ್ಳರೋ? ತಲೆ ಓಡದೆ ಯಂತ್ರವನ್ನೇ ಆರಿಸಿ ಹೊತ್ತಿಸಿದೆ. ಆ ಮುದಿ ಯಂತ್ರ ಏಳಬೇಕಾದರೆ ಹತ್ತು ನಿಮಿಷ ಬೇಕು. ಅನುಶ್ರೀ ಗಡಿಯಾರ ನೋಡಿದಳು. ಮೂರು ಗಂಟೆ ಐದು ನಿಮಿಷ.

"ಮಾಸ್ಟ್ರೇ, ಹೊರಗಿನವರನ್ನ ಕೇಳುವ ಮೊದಲು ಅದು ತನ್ನ ಪುಸ್ತಕ ನೋಡ್ತದಾ?"

"ಯಾವ ಪುಸ್ತಕ? ಸುಮ್ಮನಿರಿ ಪೋಸ್ಟಣ್ಣ, ತಲೆ ತಿನ್ನಬೇಡಿ."

ಅವರು ಸುಮ್ಮನಾಗಲಿಲ್ಲ. ಜೇಬಿನ ಪುಸ್ತಕ ತೆಗೆದರು. ಒಂದು ಪುಟ ತೆರೆದು ನನ್ನ ಮುಂದಿಟ್ಟರು. 'ನಾಗರಾಜು, ಡ್ರೈವರ್. ಶಿರಂಗಾಲ, ಹುಚ್ಚಮ್ಮನ ಮನೆ' ಎಂದಿತ್ತು. ಹುಚ್ಚಮ್ಮ ಎಂದರೆ ನಾಗರಾಜುವಿನ ಅಕ್ಕ.

"ಗುಡ್ಡ ಕುಸಿದಾಗ ಇವಳ ಅಪ್ಪ ಹೆಂಡತಿ ಮಕ್ಕಳನ್ನ ಕಟ್ಕೊಂಡು ಅಕ್ಕನ ಮನೆಗೆ ಹೋದ. ಬರ್ಕೊಂಡೆ. ನಾಲ್ಕು ತಿಂಗಳಿಗೆ ವಾಪಸ್ ಬಂದು ಇಲ್ಲೇ ಲೈನ್ ಮನೆ ಸೇರಿದ. ದಿನಾ ಚಾ ಅಂಗಡಿಯಲ್ಲಿ ಸಿಗ್ತಿದ್ದ. ಪುಸ್ತಕದಲ್ಲಿ ಹೊಡೆದು ಹಾಕ್ಲಿಲ್ಲ ನಾನು. ಆಮೇಲೆ ಒಂದು ದಿನ ಅವನ ಹೆಸರಿಗೆ ಸರ್ಕಾರಿ ಕವರು ಬಂತು. ಹೆಸರು ನೋಡಿದೆ, ಪುಸ್ತಕ ನೋಡಿದೆ, ಶಿರಂಗಾಲ ಅಂತ ಬರೆದು ಕಳಿಸಿಬಿಟ್ಟೆ. ಅವತ್ತು ಸಂಜೆ ಅವನ ಜೊತೆಯಲ್ಲೇ ಕೂತು ಚಾ ಕುಡಿದೆ ಮಾಸ್ಟ್ರೇ! ಅವನು ಎದುರಿಗೆ ಕೂತಿದ್ದ!"

ಅವರು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟರು.

"ಅಲ್ಲಿ ಹುಚ್ಚಮ್ಮನ ಮನೆಗೆ ಬೀಗ. ಒಂದೂವರೆ ತಿಂಗಳಿಗೆ ಕವರು ತಿರುಗಿ ನನ್ನ ಕೈಗೇ ಬಂತು. ಡ್ರೈವರ್ ಕೆಲಸದ ಸಂದರ್ಶನದ್ದು ಅದು, ಕವರಿನ ಮೇಲೇ ದಿನ ಸಮೇತ ಬರೆದಿತ್ತು. ಕಾಯ್ತಾ ಇದ್ದ ಅವನು, ಬಂತಾ ಪೋಸ್ಟಣ್ಣ, ಬಂತಾ ಪೋಸ್ಟಣ್ಣ ಅಂತ ಕೇಳ್ತಿದ್ದ. ದಿನ ದಾಟಿ ಹೋಗಿತ್ತು. ನಾನು ಹೇಳ್ಲಿಲ್ಲ. ಕಳಿಸಿದವರಿಗೇ ವಾಪಸ್ ಮಾಡಿದೆ. ಆರು ವರ್ಷ ಆಯ್ತು, ಯಾರಿಗೂ ಹೇಳ್ಲಿಲ್ಲ."

ಅನುಶ್ರೀ ಫೈಲು ಮೇಜಿನ ಮೇಲಿಟ್ಟಳು. "ಅಪ್ಪ ಇವತ್ತಿಗೂ ಅಂತಾರೆ, ನಂಗೆ ಕರೆಯೋದೇ ಬೇಡ ಅಂದ್ಕೊಂಡ್ರು ಅಂತ" ಎಂದಳು ಮೆಲ್ಲಗೆ. ಪೋಸ್ಟಣ್ಣ ಅವಳ ಕಡೆ ನೋಡಲಿಲ್ಲ. "ಅದಕ್ಕೇ ಇವತ್ತು ಓಡಿ ಬಂದೆ ಮಗಾ. ಆ ಮನೆಗೆ ಬರುವುದು ಇನ್ನೊಂದು ಸಲ ತಪ್ಪಬಾರದು ಅಂತ."

ಅಷ್ಟರಲ್ಲಿ ಯಂತ್ರ ಎದ್ದಿತು. ಅದರ ಜೊತೆ ನನ್ನ ಬುದ್ಧಿಯೂ ಎದ್ದಿತು ಎನ್ನಿ. ತನ್ನ ಪುಸ್ತಕ! ಇದೆ. ಎಲ್ಲ ಲಿನಕ್ಸ್ ಯಂತ್ರದಲ್ಲೂ ಇರುತ್ತದೆ. ಹೋಸ್ಟ್ಸ್ ಎಂಬ ಒಂದು ಪುಟ್ಟ ಫೈಲು. ಹೊರಗೆ ಕೇಳುವ ಮೊದಲು ಯಂತ್ರ ಅದನ್ನು ನೋಡುತ್ತದೆ, ಅಲ್ಲಿ ಹೆಸರು ಸಿಕ್ಕಿದರೆ ಮತ್ತೆ ಯಾರನ್ನೂ ಕೇಳುವುದಿಲ್ಲ. ಡಿಗ್ ಆ ಪುಸ್ತಕ ತೆರೆಯುವುದೇ ಇಲ್ಲ, ನೇರ ಹೊರಗೆ ಕೇಳುತ್ತದೆ. ಅದಕ್ಕೇ ಎರಡು ಉತ್ತರ! ಇಷ್ಟು ಸಣ್ಣ ವಿಷಯ, ಮಕ್ಕಳಿಗೆ ಪಾಠ ಹೇಳಿದ್ದೇನೆ ನಾನು!

ಫೈಲು ತೆರೆದೆ. ಕೊನೆಯ ಸಾಲಿನಲ್ಲಿ ಅದೇ ಸೈಟಿನ ಹೆಸರು, ಎದುರಿಗೆ ಹದಿನಾಲ್ಕರಲ್ಲಿ ಮುಗಿಯುವ ನಂಬರು. ಅದರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಯಾರೋ ಕನ್ನಡ ಬರೆದಿದ್ದರು. 'ಮಳೆ ನಿಂತ ಮೇಲೆ ತೆಗೆಯಬೇಕು. ಶಶಿ.'

ಶಶಿ ಎಂದರೆ ಶಶಿಧರ. ನಾನು.

ಮೂರು ವರ್ಷದ ಹಿಂದಿನ ಮಳೆಗಾಲ ಕಣ್ಣ ಮುಂದೆ ಬಂತು. ಆಗ ಹೆಸರು ಕೇಳುವ ಸರ್ವರು ದಿನಕ್ಕೆ ಹತ್ತು ಸಲ ಕೈಕೊಡುತ್ತಿತ್ತು, ಮಕ್ಕಳ ಅರ್ಜಿಗಳು ನಿಂತಿದ್ದವು. ಗೆಳೆಯನೊಬ್ಬನಿಂದ ಫೋನಿನಲ್ಲಿ ನಂಬರು ಕೇಳಿ ಇಲ್ಲಿ ಬರೆದಿದ್ದೆ. ಎಲ್ಲರೂ ಹೊಗಳಿದ್ದರು. ಮಳೆ ನಿಂತಿತು, ನಾನು ಮರೆತೆ. ಈಗ ಆ ಸೈಟಿನವರು ಹೊಸ ನಂಬರಿಗೆ ಮನೆ ಬದಲಾಯಿಸಿದ್ದಾರೆ. ನಮ್ಮ ಯಂತ್ರ ಮಾತ್ರ ನನ್ನ ಮಾತು ನಂಬಿಕೊಂಡು, ದಿನಾ ಬೀಗ ಹಾಕಿದ ಹಳೆಯ ಬಾಗಿಲು ತಟ್ಟುತ್ತಿದೆ.

ಪಟಕ್ಕನೆ ಆ ಸಾಲು ಅಳಿಸಿದೆ. ಉಳಿಸಿ ಮುಚ್ಚಿದೆ. ಸೈಟು ಮೊದಲ ಒತ್ತಿಗೇ ತೆರೆಯಿತು. ಮೂರು ಇಪ್ಪತ್ತೆಂಟು. ಅನುಶ್ರೀ ಅರ್ಜಿ ನಂಬರು, ಹುಟ್ಟಿದ ದಿನ ಹಾಕಿದಳು. ಅವಸರದಲ್ಲಿ ಎರಡು ಸಲ ತಪ್ಪಾಯಿತು. ಮೂರನೆಯ ಸಲಕ್ಕೆ ಒಪ್ಪಿಗೆಯ ಹಾಳೆ ಬಂತು. ಒತ್ತಿದಳು. ಪ್ರಿಂಟ್ ಕೈಗೆ ಬಂದಾಗ ಮೂರು ನಲವತ್ತು. ಹುಡುಗಿ ಆ ಹಾಳೆ ಹಿಡಿದು ಜೋರಾಗಿ ಅತ್ತುಬಿಟ್ಟಳು.

"ಏನಾಗಿತ್ತು ಮಾಸ್ಟ್ರೇ?" ಎಂದರು ಪೋಸ್ಟಣ್ಣ.

"ಏನಿಲ್ಲ, ಯಾವುದೋ ಸೆಟ್ಟಿಂಗು" ಎಂದೆ.

ನನ್ನ ಬಾಯಿಗೆ ಮಣ್ಣು ಹಾಕ. ಆ ಮುದುಕ ಆಗಷ್ಟೇ ತನ್ನ ಆರು ವರ್ಷದ ಪಾಪವನ್ನು ಎಲ್ಲರೆದುರು ಬಿಚ್ಚಿಟ್ಟಿದ್ದರು, ನಾನು ಸೆಟ್ಟಿಂಗು ಅಂದೆ. ಆದರೆ ಕುಸುಮಾ ನನ್ನ ಹಿಂದೆಯೇ ನಿಂತಿದ್ದಳು. ಅವಳಿಗೆ ಓದಲು ಬರುತ್ತದೆ.

"ಸರ್, ಅದರಲ್ಲಿ ಶಶಿ ಅಂತ ಇತ್ತು" ಎಂದಳು. ಆಮೇಲೆ ಅವಳ ಕೈ ತಟ್ಟನೆ ಬಾಯಿಗೆ ಹೋಯಿತು. "ಅಯ್ಯೋ! ಹಾಗಾದ್ರೆ ಭವ್ಯಶ್ರೀದು?"

"ಯಾವ ಭವ್ಯಶ್ರೀ?"

"ಸುಲೋಚನಕ್ಕನ ಮಗಳು ಸರ್. ಅವಳಿಗೆ ಮೊದಲ್ನೇ ಸುತ್ತಲ್ಲೇ ಸೀಟು ಬಂದಿತ್ತು. ಹನ್ನೆರಡು ದಿನದ ಹಿಂದೆ, ಅದೇ ಕಡೇ ದಿನ, ಇಲ್ಲಿ ಬಂದು ಕೂತಿದ್ಲು. ಅವಳಿಗಾಗಿಯೇ ಅಲ್ವಾ ನಾನು ನಿಮಗೆ ಫೋನ್ ಮಾಡಿದ್ದು. ಮಾಸ್ಟ್ರೇ ಸೈಟು ಬಿದ್ದಿದೆ ಅಂದ್ರು ಅಂತ ಹೇಳಿದೆ. ಮಡಿಕೇರಿಗೆ ಹೋಗ್ಲಾ ಅಂದ್ಲು. ಸೈಟೇ ಬಿದ್ದ ಮೇಲೆ ಅಲ್ಲಿಗೆ ಹೋಗಿ ಏನು ಮಾಡ್ತೀಯ ಅಂದೆ ನಾನು. ಸಂಜೆವರೆಗೆ ಕೂತು ಎದ್ದು ಹೋದ್ಲು. ಸೀಟು ಹೋಯ್ತು."

ಸುಲೋಚನಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಆ ದಿನ ಫೋನು ಬಂದಾಗ ನಾನು ಉಣ್ಣುತ್ತಿದ್ದದ್ದು ಅವರು ಬಡಿಸಿದ ಅನ್ನ. ಎದುರಿಗೇ ನಿಂತಿದ್ದರು, ಸಾರಿನ ಸೌಟು ಹಿಡಿದು. ಅವರ ಮಗಳ ಹಣೆಬರಹದ ಬಗ್ಗೆ ಅವರ ಎದುರಿಗೇ, ಬಾಯಿ ತುಂಬ ಅವರದೇ ಅನ್ನ ಇಟ್ಟುಕೊಂಡು, "ಅವರದೇ ಪ್ರಾಬ್ಲಮ್ ಬಿಡು" ಅಂದಿದ್ದೆ. ಅವರು ಏನೂ ಅರಿಯದೆ ಇನ್ನೊಂದು ಸೌಟು ಹಾಕಿದ್ದರು. ನಿನ್ನೆಯೂ ಹಾಕಿದ್ದರು.

ನಾನು ತಲೆ ಹಿಡಿದುಕೊಂಡು ಕೂತುಬಿಟ್ಟೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಮಾತಾಡಿದವಳು ಅನುಶ್ರೀ. ಕಣ್ಣೊರೆಸಿಕೊಂಡು ಪೋಸ್ಟಣ್ಣನ ಎದುರು ನಿಂತಳು. "ಪೋಸ್ಟಣ್ಣ, ಅಪ್ಪಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು."

"ಹೌದು ಮಗಾ" ಎಂದರು ಅವರು. ಕುಸುಮಾಳ ಮೇಜಿನಿಂದ ಪೆನ್ನು ತೆಗೆದುಕೊಂಡು ಪುಸ್ತಕದಲ್ಲಿ ಶಿರಂಗಾಲದ ಸಾಲನ್ನು ಹೊಡೆದು ಹಾಕಿದರು. ಪುಸ್ತಕ ಮತ್ತೆ ಜೇಬಿಗೆ ಹಾಕಲಿಲ್ಲ, ಮೇಜಿನ ಮೇಲೇ ಬಿಟ್ಟರು. ಕೊಡೆ ತೆಗೆದುಕೊಂಡು ನನ್ನ ಕಡೆ ತಿರುಗಿದರು.

"ಏಳಿ ಮಾಸ್ಟ್ರೇ. ಇವತ್ತು ಎರಡು ಮನೆ ಉಂಟು. ಮೊದಲು ನನ್ನದು ಮುಗಿಸುವ, ಆಮೇಲೆ ನಿಮ್ಮದು."

"ನಾಳೆ ಶಾಲೆಯಲ್ಲೇ ಸಿಗ್ತಾರಲ್ಲ ಸುಲೋಚನಮ್ಮ" ಎಂದು ಗೊಣಗಿದೆ.

"ನಾಳೆ ಅಂದ್ಕೊಂಡೇ ನಾನು ಆರು ವರ್ಷ ಮಾಡಿದ್ದು."

ಎದ್ದೆ. ಬಾಗಿಲ ಹತ್ತಿರ ಬಂದಾಗ ನನಗೆ ಹೊಳೆಯಿತು. ಒಂಬತ್ತು ವರ್ಷ ಅವರ ಕೈಯ ಅನ್ನ ಉಂಡಿದ್ದೇನೆ, ಅವರ ಮನೆ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ. ಪೋಸ್ಟಣ್ಣನಿಗೆ ಹಾಗೆಯೇ ಹೇಳಿದೆ.

"ನನಗೆ ಗೊತ್ತುಂಟು, ಬನ್ನಿ" ಎಂದು ಅವರು ಮುಂದೆ ನಡೆದರು.