ಮಣೆಯ ಎತ್ತರಕ್ಕೆ ಇಳಿದ ಮೈಕು

ಬೆಳಗಿನ ಐದೂವರೆ. ಮುಂಬಯಿಯ ಘಾಟ್ಕೋಪರಿನ ಹಳೆಯ ಹೌಸಿಂಗ್ ಸೊಸೈಟಿಯೊಂದರ ನಾಲ್ಕನೇ ಮಹಡಿಯಲ್ಲಿ ಈರಣ್ಣ ಒಂದು ಮನೆಯ ಸದ್ದುಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ಮೊದಲು ಫ್ಯಾನು, ಆಮೇಲೆ ಫ್ರಿಜ್ಜು. ಗೋಡೆ ಗಡಿಯಾರವನ್ನು ಮೊಳೆಯಿಂದ ಇಳಿಸಿ ಒಳಕೋಣೆಯ ಹಾಸಿಗೆಯ ಮೇಲೆ ಬೋರಲು ಮಲಗಿಸುತ್ತಾರೆ. ದೇವರ ಗೂಡಿನಲ್ಲಿ ಸದಾ ಮಂತ್ರ ಹೇಳುತ್ತಿರುವ ಪುಟ್ಟ ಪ್ಲಾಸ್ಟಿಕ್ ಯಂತ್ರವನ್ನೂ ಅವರು ಬಿಡುವುದಿಲ್ಲ. ಅದರ ಮುಂದೆ ಒಮ್ಮೆ ಕೈಮುಗಿದು, ವೈರು ಕಿತ್ತು, ದೇವರಿಗೂ ಸ್ವಲ್ಪ ಹೊತ್ತು ಬಿಡುವು ಕೊಡುತ್ತಾರೆ.

"ಬಿಲ್ಡಿಂಗಿನ ನೀರಿನ ಪಂಪು ಚಾಲೂ ಆಗೂದರಾಗ ಮುಗಸಬೇಕ್ರಿ. ಯಾರೂ ಮಾತಾಡಬ್ಯಾಡ್ರಿ. ಕೆಮ್ಮು ಬರೂಹಂಗಿದ್ರ ಈಗ ಕೆಮ್ಮಿ ಬಿಡ್ರಿ" ಎನ್ನುತ್ತಾರೆ.

ಮನೆಯ ಯಜಮಾನರಾದ ದೂಜ ಪೂಜಾರಿ ವಿಧೇಯರಾಗಿ ಕೆಮ್ಮುತ್ತಾರೆ. ಅವರ ಹೆಂಡತಿ ರಾಜೀವಿ ಅಡುಗೆಮನೆಯ ಬಾಗಿಲ ಬಳಿ ಮಣೆಯ ಮೇಲೆ ಕೂತಿದ್ದಾರೆ. "ಎಂತ ಹೇಳಿದ್ರು?" ಎಂದು ಗಂಡನ ಮುಖ ನೋಡುತ್ತಾರೆ. ದೂಜ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಹೋಮ್ ಥಿಯೇಟರ್ ರಿಸೀವರ್ ಎಂದರೆ ಟೀವಿಯ ಕೆಳಗೆ ಕೂರುವ ಕಪ್ಪು ಪೆಟ್ಟಿಗೆ. ಬಂದ ಸದ್ದನ್ನು ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲು ಮಾಡಿ, ಮಾತನ್ನು ಮುಂದಿನ ಸ್ಪೀಕರಿಗೆ, ಮಳೆ ಗಾಳಿ ಚಪ್ಪಾಳೆಗಳನ್ನು ಹಿಂದಿನವಕ್ಕೆ, ಗುಡುಗನ್ನು ಮೂಲೆಯ ವೂಫರಿಗೆ ಹಂಚುವುದು ಅದರ ಕೆಲಸ. ಹಂಚುವ ಮೊದಲು ಕೇಳುವವರು ಎಲ್ಲಿ ಕೂತಿದ್ದಾರೆಂದು ಅದಕ್ಕೆ ಗೊತ್ತಾಗಬೇಕು. ಅದಕ್ಕೇ ಅವರ ಕಿವಿ ಇರುವ ಜಾಗದಲ್ಲಿ ಒಂದು ಮೈಕು ನಿಲ್ಲಿಸುತ್ತಾರೆ. ಸ್ಪೀಕರುಗಳು ಸರದಿಯಂತೆ 'ಶುಂಯ್' ಎನ್ನುತ್ತವೆ, ಪೆಟ್ಟಿಗೆ ಅಳತೆ ಮಾಡಿಕೊಳ್ಳುತ್ತದೆ. ಮೈಕು ಇಟ್ಟ ಜಾಗದಲ್ಲಿ ಕೂತವರೇ ಆ ಕೋಣೆಯ ಅರಸರು. ಉಳಿದವರಿಗೆ ಸಿಕ್ಕಿದ್ದೇ ಪ್ರಸಾದ.

ಈ ಮೈಕು ಇಡುವ ಕೆಲಸವೇ ಈರಣ್ಣನವರ ಹೊಟ್ಟೆಪಾಡು. ಊರೆಲ್ಲ ಗದ್ದಲವೆಬ್ಬಿಸುವ ಮುಂಬಯಿಯಲ್ಲಿ ಮೌನ ಸಿಗುವುದು ನಸುಕಿನಲ್ಲಿ ಮಾತ್ರ, ಹಾಗಾಗಿ ಅವರ ದಿನ ಹಾಲಿನವರ ಜೊತೆಗೆ ಶುರುವಾಗುತ್ತದೆ. ಇವತ್ತಿನ ಕೆಲಸಕ್ಕೆ ಮಾತ್ರ ಯಾರೂ ಕರೆದಿಲ್ಲ. ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಮೈಕನ್ನು ತಪ್ಪು ಜಾಗದಲ್ಲಿ ಇಟ್ಟು ಹೋಗಿದ್ದರು. ಅದನ್ನು ಸರಿ ಮಾಡಲು ತಾವಾಗಿಯೇ ಬಂದಿದ್ದಾರೆ. ಸರಿಯಾಗುವ ಕಾಲ ಇನ್ನೂ ಉಳಿದಿದೆಯೇ ಎಂಬುದು ಅವರಿಗೂ ತಿಳಿಯದು.

ಈರಣ್ಣನವರದು ವಿಜಯಪುರದ ಕಡೆಯ ಇಂಡಿ. ಮೀಸೆ ಚಿಗುರುವ ಹೊತ್ತಿಗೆ ಸೋದರಮಾವನ ಬೆನ್ನು ಹಿಡಿದು ಕುರ್ಲಾಕ್ಕೆ ಬಂದವರು. ಮಾವ ಮದುವೆಗೆ, ಗಣಪತಿ ಮಂಡಲಗಳಿಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದರು. ಅಳಿಯನ ಕೆಲಸ ಕಂಬ ಹತ್ತಿ ಹಾರ್ನು ಕಟ್ಟುವುದು, ರಾತ್ರಿಯಿಡೀ ವೈರು ಕಾಯುವುದು. ಕಾಲ ಬದಲಾಯಿತು, ಸದ್ದು ಬೀದಿಯಿಂದ ಮನೆಯೊಳಗೆ ಬಂತು, ಈರಣ್ಣನೂ ಅದರ ಹಿಂದೆಯೇ ಬಂದರು. ಕಂಪನಿಯವರು ಪೆಟ್ಟಿಗೆ ಇಳಿಸಿ ಹೋಗುತ್ತಾರೆ, ಅಂಗಡಿಯವರು ಮಾರಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಬರುವ ಮನುಷ್ಯನ ಹೆಸರು ಯಾರಿಗೂ ನೆನಪಿರುವುದಿಲ್ಲ. ಗಿರಾಕಿಗಳ ಫೋನಿನಲ್ಲಿ ಅವರು 'ಸ್ಪೀಕರ್‌ವಾಲಾ'.

ಕುರ್ಲಾದ ಒಂದು ಚಾಳಿನ ವಠಾರದಲ್ಲಿರುವ ಅವರ ಸ್ವಂತ ಮನೆಯಲ್ಲಿ ಇರುವುದು ಒಂದು ರೇಡಿಯೊ, ಅದೂ ಬಡಿದರೆ ಮಾತ್ರ ಬಾಯಿ ಬಿಡುವಂಥದ್ದು. ಹೆಂಡತಿ ಅಂಬವ್ವ ನಗುತ್ತಲೇ ದೂರುತ್ತಾರೆ: "ಮಂದಿ ಮನಿ ಸಪ್ಪಳ ಎಲ್ಲಾ ಸರಿ ಮಾಡಿ ಬರತಾರ. ಇಲ್ಲಿ ನಾ ಗಂಟಲು ಹರಕೊಂಡು ಒದರಿದ್ರೂ ಇವರಿಗೆ ಕೇಳಸಂಗಿಲ್ಲ." ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ರಿಸೀವರ್ ಕೊಳ್ಳುವವರ ಕಥೆಗಳನ್ನು ಈರಣ್ಣ ಬಿಡಿಸತೊಡಗಿದರೆ ಲೋಕಲ್ ಗಾಡಿ ಕಲ್ಯಾಣ ಸ್ಟೇಷನ್ ಮುಟ್ಟಿದರೂ ಮುಗಿಯುವುದಿಲ್ಲ. ಎಲ್ಲರೂ ಮೊದಲು ಕೇಳುವುದು ವ್ಯಾಟು. ಎರಡನೆಯದು, ಪಕ್ಕದ ಫ್ಲ್ಯಾಟಿನವರ ಹತ್ತಿರ ಇರುವುದಕ್ಕಿಂತ ದೊಡ್ಡದೋ ಅಲ್ಲವೋ. ಪವಾಯಿಯ ಒಬ್ಬರು ಒಂಬತ್ತು ಸ್ಪೀಕರಿನ ಪೆಟ್ಟಿಗೆ ತಂದು, ಹಜಾರದಲ್ಲಿ ಐದಕ್ಕಿಂತ ಹೆಚ್ಚು ಹಿಡಿಸದೆ, ಉಳಿದ ನಾಲ್ಕನ್ನು ಮಂಚದ ಕೆಳಗೆ ತಳ್ಳಿದ್ದಾರೆ. ಇನ್ನೊಂದು ಮನೆಯಲ್ಲಿ ರಿಮೋಟಿನ ಗುಂಡಿಗಳಿಗೆ ಹೆದರಿ, ಸದ್ದು ಕಡಿಮೆ ಮಾಡಬೇಕಾದಾಗ ಮೇನ್ ಸ್ವಿಚ್ಚೇ ಆರಿಸುತ್ತಾರೆ. ಬೇಕಾದ ಹಾಗೆ ಆಡಿಸಬಹುದು ಎಂದು ಕೊಂಡ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಕ್ರಿಕೆಟ್ ಮ್ಯಾಚಿನ ದಿನ ಮಾತ್ರ ಕಣ್ಣು ತೆರೆಯುತ್ತದೆ.

"ಡಬ್ಬಿ ಯಾವುದಿದ್ರೂ ನಡೀತೈತ್ರಿ. ಮೈಕು ಎಲ್ಲಿ ಇಡತೀರಿ, ಅದ ಮುಖ್ಯ" ಎನ್ನುತ್ತಾರೆ. ಹೇಳುವಾಗಲೇ, ಆ ಮಾತನ್ನು ತಾವೇ ಮರೆತ ಮನೆ ಅವರಿಗೆ ನೆನಪಾಗಿರುತ್ತದೆ.

ದೂಜ ಪೂಜಾರಿ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಅವರ ಹೋಟೆಲು, ಈಗ ಮಗ ಮನೀಶ್ ನೋಡಿಕೊಳ್ಳುತ್ತಾನೆ. ರಾಜೀವಿ ಆ ಹೋಟೆಲಿನ ಒಳಗೆ, ಗ್ರೈಂಡರಿನ ಪಕ್ಕದಲ್ಲಿ ಆಯುಷ್ಯ ಸವೆಸಿದವರು. ಅವರಿಗೆ ಇದ್ದ ಹುಚ್ಚು ಒಂದೇ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆ, ಮತ್ತೆ ಪಾತ್ರವಾಗಿ ಕೂತು ವಾದಿಸುವ ಅರ್ಥಧಾರಿಗಳ ಮಾತೇ ಮಾತು. ಗ್ರೈಂಡರಿನ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಹಿಟ್ಟಿನ ಸದ್ದಿನ ನಡುವೆ ಸಿಕ್ಕಷ್ಟು ಮಾತು ಹೆಕ್ಕಿಕೊಳ್ಳುತ್ತಿದ್ದರು. ಕೆಲಸದಿಂದ ಬಿಡುಗಡೆಯಾದಾಗ ಅಮ್ಮ ಇನ್ನಾದರೂ ನೆಮ್ಮದಿಯಿಂದ ಕೇಳಲಿ ಎಂದು ಮನೀಶ್ ರಿಸೀವರ್ ತಂದ. ಅಷ್ಟರಲ್ಲಿ ಕಿವಿ ಸ್ವಲ್ಪ ಮಂದವಾಗಿತ್ತು, ಆದರೆ ಮಾತು ತಿಳಿಯುತ್ತಿತ್ತು.

ಅವತ್ತು ಈರಣ್ಣ ಎಲ್ಲ ಮನೆಗಳಲ್ಲಿ ಕೇಳುವಂತೆ ಇಲ್ಲಿಯೂ ಯಜಮಾನರನ್ನೇ ಕೇಳಿದರು: "ಕೂಡೂದು ಎಲ್ರಿ?" ದೂಜ ಸೋಫಾದ ನಡುಭಾಗವನ್ನು ತಟ್ಟಿ ತೋರಿಸಿದರು. ಮೈಕು ಅಲ್ಲಿ ನಿಂತಿತು. ಪೆಟ್ಟಿಗೆ ಯಾರಿಗಾಗಿ ಮನೆಗೆ ಬಂದಿತ್ತೋ ಅವರು ಒಳಗೆ ಚಹಾ ಸೋಸುತ್ತಿದ್ದರು. ಅವರನ್ನು ಕೇಳಬೇಕೆಂದು ಗಂಡನಿಗೂ ಹೊಳೆಯಲಿಲ್ಲ, ಮಗನಿಗೂ ಹೊಳೆಯಲಿಲ್ಲ, ಈರಣ್ಣನಿಗೂ ಹೊಳೆಯಲಿಲ್ಲ.

ಹೋದ ವಾರ ಮನೀಶ್ ಫೋನ್ ಮಾಡಿದ್ದ. "ಅಮ್ಮನಿಗೆ ಟೀವಿಯಲ್ಲಿ ಇಂಟರೆಸ್ಟೇ ಇಲ್ಲ ಈರಣ್ಣ. ಸುಮ್ಮನೆ ಧೂಳು ತಿಂತಾ ಉಂಟು. ಯಾರಾದ್ರೂ ಗಿರಾಕಿ ಇದ್ರೆ ತೆಗೆದುಕೊಂಡು ಹೋಗಿ." ಈರಣ್ಣ ಬಂದು ವೈರು ಬಿಚ್ಚಲು ಕೂತಾಗ ರಾಜೀವಿ ಚಹಾ ತಂದುಕೊಟ್ಟರು. ಕೊಟ್ಟವರು ಸೋಫಾದ ಕಡೆ ಬರಲಿಲ್ಲ. ಹಿಂದಕ್ಕೆ ಹೋಗಿ, ಒಲೆಯ ಮೇಲಿನ ಹಾಲು ಕಾಣುವ ಹಾಗೆ ಬಾಗಿಲ ಬಳಿಯ ಮಣೆಯ ಮೇಲೆ ಕೂತರು. ಅವರ ತಲೆಯ ಮೇಲ್ಗಡೆಯೇ, ಗೋಡೆಯಲ್ಲಿ, ಈರಣ್ಣ ಸ್ವತಃ ಮೊಳೆ ಹೊಡೆದ ಹಿಂಭಾಗದ ಸ್ಪೀಕರಿತ್ತು. ಮಾತಿನ ಸ್ಪೀಕರು ಕೋಣೆಯ ಆ ತುದಿಯಲ್ಲಿ.

ಅದನ್ನು ನೋಡಿದ ಕೂಡಲೇ ಈರಣ್ಣ ಕೈಯಲ್ಲಿದ್ದ ವೈರು ಕೆಳಗಿಟ್ಟರು. "ಅಕ್ಕಾರ, ನೀವು ದಿನಾ ಅಲ್ಲೇ ಕುಂಡರತೀರೇನ್ರಿ?"

"ಮತ್ತೆ ಎಲ್ಲಿ? ಹಾಲು ಉಕ್ಕಿದ್ರೆ ನೋಡ್ಲಿಕ್ಕೆ ಯಾರುಂಟು?" ಎಂದರು ಅವರ ತುಟಿಯನ್ನೇ ನೋಡುತ್ತಿದ್ದ ರಾಜೀವಿ. ಆಮೇಲೆ ಗಂಡನಿಗೆ ಕೇಳದ ಹಾಗೆ ಹೇಳಿದರು: "ಇದರಲ್ಲಿ ಚಪ್ಪಾಳೆ ಮಾತ್ರ ಬರ್ತದೆ ಮಾರಾಯ್ರೆ, ಅರ್ಥ ಹೇಳುವುದು ಬರುವುದಿಲ್ಲ. ಹೇಳಿದ್ರೆ ಮಗನಿಗೆ ಬೇಸರ ಆಗ್ತದೆ. ಅಷ್ಟು ಆಸೆಯಲ್ಲಿ ತಂದದ್ದು."

ಅವತ್ತು ಈರಣ್ಣ ಪೆಟ್ಟಿಗೆ ಬಿಚ್ಚದೆ ಮನೆಗೆ ಹೋದರು. ನಡೆದದ್ದನ್ನು ಹೇಳಿದಾಗ ಅಂಬವ್ವ ರೊಟ್ಟಿ ಬಡಿಯುತ್ತಲೇ, "ಆಕಿನ್ನ ಕೇಳಲಿಲ್ಲ, ಹೌದಲ್ಲ? ಯಾರ ಕೇಳತಾರ ಬಿಡ್ರಿ" ಎಂದರು. ಅದರಲ್ಲಿ ಸಿಟ್ಟೂ ಇರಲಿಲ್ಲ, ಅಚ್ಚರಿಯೂ ಇರಲಿಲ್ಲ. ಅದೇ ಈರಣ್ಣನಿಗೆ ಹೆಚ್ಚು ಚುಚ್ಚಿತು.

"ಎರಡ ಹೆಜ್ಜಿ ಒಳಗ ಹೋಗಿ ಕೇಳಿದ್ರ ಮುಗದ ಹೋಗತಿತ್ರಿ" ಎನ್ನುತ್ತಾರೆ. "ಮೂರು ವರ್ಷ ಆ ತಾಯಿ ಚಪ್ಪಾಳಿ ಕೇಳಕೋತ ಕುಂತಾರ. ನನಗ ನಾಚಿಕಿ ಆಗತೈತಿ."

ಈಗ ಅವರು ರಾಜೀವಿಯನ್ನು ಮಣೆಯ ಮೇಲೆ ಕೂರಿಸಿ, ನೆಲದಿಂದ ಕಿವಿಯವರೆಗೆ ಗೇಣು ಹಾಕುತ್ತಾರೆ. ಆಮೇಲೆ ಅವರನ್ನು ಎಬ್ಬಿಸಿ ಒಳಗೆ ನಿಲ್ಲಿಸುತ್ತಾರೆ. ಸೋಫಾದ ಎತ್ತರಕ್ಕೆ ನಿಂತು ರೂಢಿಯಾದ ಮೈಕಿನ ಸ್ಟ್ಯಾಂಡು ಅಷ್ಟು ಕೆಳಗೆ ಇಳಿಯಲು ಒಪ್ಪುವುದಿಲ್ಲ. ಕಾಲು ಅಗಲಿಸಿ, ಒತ್ತಿ, ಬೈದು, ಕೊನೆಗೆ ಮಣೆಯ ಎತ್ತರಕ್ಕೆ ತರುತ್ತಾರೆ. ಗುಂಡಿ ಒತ್ತಿ ತಾವೂ ಗೋಡೆಗೆ ಒರಗಿ ಉಸಿರು ಬಿಗಿಹಿಡಿಯುತ್ತಾರೆ. ಶುಂಯ್, ಎಡಕ್ಕೆ. ಶುಂಯ್, ಬಲಕ್ಕೆ. ಯಾರದೋ ಮನೆಯ ಕುಕ್ಕರು ಕೂಗಿದ್ದರಿಂದ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಅಳತೆ ಮುಗಿಯುವುದಕ್ಕೂ ಕೆಳಗೆ ಪಂಪು ಗುರುಗುಟ್ಟುವುದಕ್ಕೂ ಸರಿಹೋಗುತ್ತದೆ.

"ಕೂಡ್ರಿ ಅಕ್ಕಾರ" ಎಂದು ಕೈಸನ್ನೆ ಮಾಡಿ ತಾಳಮದ್ದಳೆಯ ವಿಡಿಯೊ ಹಾಕುತ್ತಾರೆ. ಸಾಲಾಗಿ ಕೂತ ಅರ್ಥಧಾರಿಗಳು, ಹಿಂದೆ ಭಾಗವತರು. ಪೇಟ ಸುತ್ತಿದ ಒಬ್ಬರು ಕೈಯೆತ್ತಿ ವಾದಕ್ಕಿಳಿಯುತ್ತಾರೆ. ಅವರ ಒಂದೊಂದು ಮಾತೂ ನೇರ ಮಣೆಯ ಕಡೆಗೆ ಬರುತ್ತಿದೆ, ಚಪ್ಪಾಳೆ ದೂರ ಸರಿದಿದೆ. ಈರಣ್ಣನಿಗೆ ಅದು ಸ್ಪಷ್ಟ. ರಾಜೀವಿ ತಲೆದೂಗುತ್ತಾರೆ. ದೂಜರ ಮುಖ ಅರಳುತ್ತದೆ.

ಹಿಂದಿನ ಸ್ಪೀಕರನ್ನು ಇನ್ನೊಂದಿಷ್ಟು ತಿರುಗಿಸೋಣವೆಂದು ಈರಣ್ಣ ಸದ್ದನ್ನು ಪೂರ್ತಿ ನಿಲ್ಲಿಸುತ್ತಾರೆ. ಚಿತ್ರ ಓಡುತ್ತಲೇ ಇದೆ, ಅರ್ಥಧಾರಿಯ ತುಟಿ ಆಡುತ್ತಲೇ ಇದೆ. ಸ್ಟೂಲಿನ ಮೇಲೆ ನಿಂತು ಮೊಳೆಗೆ ಕೈಹಾಕಿದಾಗ ಕೆಳಗಿನಿಂದ ರಾಜೀವಿಯ ದನಿ ಕೇಳುತ್ತದೆ.

"ಈಗ ಒಳ್ಳೆ ಕೇಳ್ತದೆ ಮಾರಾಯ್ರೆ. ಪಾಪ, ನೀವು ಇಷ್ಟು ಬೆಳಿಗ್ಗೆ ಬಂದ್ರಿ. ಚಂದ ಕೇಳ್ತದೆ."

ಕೋಣೆಯಲ್ಲಿ ಪಂಪು ಗುರುಗುಟ್ಟುವುದು ಬಿಟ್ಟರೆ ಬೇರೆ ಸದ್ದಿಲ್ಲ. ರಾಜೀವಿ ಪರದೆಯ ಮೇಲಿನ ತುಟಿಗಳನ್ನು ನೋಡುತ್ತಾ ತಲೆದೂಗುತ್ತಲೇ ಇದ್ದಾರೆ. ಈರಣ್ಣ ದೂಜರನ್ನು ನೋಡುತ್ತಾರೆ, ದೂಜ ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ.

"ಕಿವಿಗೆ ಮಿಷನ್ ಕೂಡ ತಂದದ್ದುಂಟು ಈರಣ್ಣ" ಎಂದು ಆಮೇಲೆ ಬಾಲ್ಕನಿಯಲ್ಲಿ ನಿಂತು ಹೇಳುತ್ತಾರೆ ದೂಜ. "ಗುಂಯ್ ಅಂತದೆ ಅಂತ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ನಾನು ಇದೇ ಸೋಫಾದಲ್ಲಿ ಕೂತು, ಅವಳು ಹಿಂದೆ ಕೂತು ಕೇಳ್ತಾ ಇದ್ದಾಳೆ ಅಂತ ಎಣಿಸಿದ್ದು. ಹಿಂದೆ ತಿರುಗಿ ನೋಡಲಿಲ್ಲ ನೋಡಿ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಇಬ್ಬರೂ ಬಲ್ಲರು. ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇಲ್ಲ.

ಈರಣ್ಣ ಒಳಗೆ ಬಂದು ಸದ್ದು ಮರಳಿ ಕೊಡುತ್ತಾರೆ. ರಾಜೀವಿಯ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಚೀಲ ಎತ್ತಿಕೊಂಡವರು ಮತ್ತೆ ಕೆಳಗಿಡುತ್ತಾರೆ. ಟೀವಿಯ ಪಕ್ಕದ ಮೂಲೆಯಲ್ಲಿದ್ದ ವೂಫರನ್ನು ಅನಾಮತ್ತು ಎತ್ತಿ ತಂದು ಅಡುಗೆಮನೆಯ ಬಾಗಿಲಲ್ಲಿ, ಮಣೆಗೆ ತಾಗುವಂತೆ ಇಡುತ್ತಾರೆ. ಯಾವ ಪುಸ್ತಕವೂ ಒಪ್ಪುವ ಜಾಗವಲ್ಲ ಅದು. ನಡೆದಾಡುವವರ ಕಾಲಿಗೆ ತೊಡಕು ಬೇರೆ. ಅಷ್ಟರಲ್ಲಿ ಭಾಗವತರು ಪದ ಎತ್ತುತ್ತಾರೆ, ಮದ್ದಳೆ ಶುರುವಾಗುತ್ತದೆ, ಪೆಟ್ಟುಪೆಟ್ಟಿಗೂ ನೆಲ ಅದುರುತ್ತದೆ. ರಾಜೀವಿ ಥಟ್ಟನೆ ಪರದೆಯಿಂದ ಕಣ್ಣು ತೆಗೆದು ನೆಲವನ್ನು ನೋಡುತ್ತಾರೆ. ಅಂಗೈಯನ್ನು ನೆಲಕ್ಕೆ ಊರುತ್ತಾರೆ.

"ಇದು ಮದ್ದಳೆ" ಎನ್ನುತ್ತಾರೆ.

ಈ ಸಲ ಯಾರ ಮುಖವನ್ನೂ ನೋಡಿ ಹೇಳಿದ್ದಲ್ಲ. ಅವರ ಬೆರಳುಗಳು ಮೊಣಕಾಲ ಮೇಲೆ ತಾಳ ಹಾಕುತ್ತಿವೆ, ತಾಳ ತಪ್ಪುತ್ತಿಲ್ಲ. ಪದ ಮುಗಿದು ಮಾತು ಶುರುವಾದ ಮೇಲೆ ಬೆರಳು ನಿಲ್ಲುತ್ತದೆ. ಮತ್ತೆ ಮದ್ದಳೆ ಬರುವುದನ್ನು ಕಾಯುತ್ತಾ ಅವರು ಅಂಗೈಯನ್ನು ನೆಲದ ಮೇಲೆಯೇ ಇಟ್ಟುಕೊಂಡಿರುತ್ತಾರೆ.

ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲ ಬಳಿ ಈರಣ್ಣ ಅರ್ಧ ಗ್ಲಾಸಿನ ಕಟಿಂಗ್ ಚಹಾ ಹಿಡಿದು ನಿಂತಿದ್ದಾರೆ. "ಮಾತು ಕೊಡಲಿಕ್ಕೆ ಆಗಲಿಲ್ರಿ, ಮದ್ದಳಿ ಅಷ್ಟ ಕೊಟ್ಟು ಬಂದೆ" ಎನ್ನುತ್ತಾರೆ. ಇನ್ನು ಮುಂದೆ ಮೈಕು ಚೀಲದಿಂದ ತೆಗೆಯುವ ಮೊದಲು ಅಡುಗೆಮನೆಗೆ ಹೋಗಿ ಕೇಳಬೇಕು ಎಂಬುದು ಅವರ ಆಸೆ. ಹಳೆಯ ಮನೆಗಳಿಗೂ ಒಂದೊಂದಾಗಿ ಹೋಗಿ ಕೇಳಬೇಕೆಂದಿದೆ, ಬಾಗಿಲು ತೆರೆದರೆ.

ಅಷ್ಟರಲ್ಲಿ ಫೋನು ಬರುತ್ತದೆ. ಪವಾಯಿಯ ಹೊಸ ಗಿರಾಕಿ ನಿಖಿತಾ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಡವರಿಸುತ್ತದೆ. "ಅಂಕಲ್, ನಾವು ರಿಸೀವರ್ ಸೆವೆನ್ ಸ್ಪೀಕರ್‌ದು ತಗೊಳ್ಳೋದಾ, ನೈನ್‌ವಾಲಾ? ಆನ್‌ಲೈನ್ ರಿವ್ಯೂ ಎಲ್ಲ ಓದಿ ಕನ್‌ಫ್ಯೂಸ್ ಆಗಿದೆ."

"ಅದು ಆಮ್ಯಾಲ ನೋಡೂಣ್ರಿ. ಮನ್ಯಾಗ ಅಡಗಿ ಯಾರ ಮಾಡತಾರ?"

"ಅಡುಗೆ? ನಮ್ಮ ಅತ್ತೆ. ಕ್ಯೂಂ?"

"ಅವರು ಎಲ್ಲಿ ಕುಂತು ಟೀವಿ ನೋಡತಾರ?"

"ಅವರಿಗೆ ಇಂಟರೆಸ್ಟ್ ಇಲ್ಲ ಅಂಕಲ್. ಅವರು ನೋಡೋದೇ ಇಲ್ಲ."

ಈರಣ್ಣ ಚಹಾದ ಗ್ಲಾಸನ್ನು ಕಟ್ಟೆಯ ಮೇಲೆ ಇಡುತ್ತಾರೆ. ಅವರ ಲೋಕಲ್ ಪ್ಲ್ಯಾಟ್‌ಫಾರ್ಮಿಗೆ ಬರುತ್ತಿದೆ, ಅವರು ಆ ಕಡೆ ತಿರುಗುವುದಿಲ್ಲ.

"ಒಳಗ ಹೋಗಿ ಒಮ್ಮಿ ಕೇಳಿ ಬರ್ರಿ ತಂಗಿ" ಎನ್ನುತ್ತಾರೆ. "ನಾ ಫೋನ್ ಹಿಡಕೊಂಡ ನಿಂತಿರತೀನಿ."