ಪೆದ್ದಹರಿವಾಣದ ಚೊಕ್ಕ ಡಬ್ಬಿ

ಇವತ್ತ ನಿಯತ್ತಾಗಿ ರಿಪೋರ್ಟ್ ಬರ್ದು ಬೈಸ್ಕೊಂಡೆ, ಕೇಳ್ರಪಾ.

ಆದೋನಿಯ ನಮ್ಮ ಲ್ಯಾಬಿಗೆ ಪೆದ್ದಹರಿವಾಣದ ಹೆಣ್ಮಗಳೊಬ್ಬಾಕಿ ಗಂಡನ ಕಫ ಡಬ್ಬಿಯಾಗ ತಂದಿದ್ಲು. ಶ್ವಾಸಕೋಶದಾಗ ಗಡ್ಡೆ ಐತೇನೋ ಅಂತ ಅನುಮಾನ. ಮೈಕ್ರೋಸ್ಕೋಪಿನಾಗ ನೋಡಿದ್ರ ಬರೇ ಬಾಯಿ ಎಂಜಲು. ಸ್ಯಾಂಪಲ್ ಸರಿ ಇಲ್ಲಂದ್ರ ಕ್ಯಾನ್ಸರ್ ಇಲ್ಲ ಅಂತ ಬರಿಯಂಗಿಲ್ಲ, ಅದು ನಿಯಮ. "ಇದರ ಮ್ಯಾಲೆ ಏನೂ ಹೇಳಾಕ ಬರಲ್ಲ, ಮತ್ತೊಮ್ಮೆ ಕಳಿಸ್ರಿ" ಅಂತ ಬರ್ದು ಕೊಟ್ಟೆ.

ಆಕಿ ಜೋಡಿ ಬಂದಿದ್ದ ಮೈದುನ ಕೌಂಟರ್ ಗುದ್ದಿದ. "ಏಮ್ ಮೇಡಂ, ಹೋದ ತಿಂಗಳ ಬ್ಯಾರೆ ಲ್ಯಾಬಿನೋರು ಕ್ಯಾನ್ಸರ್ ಕಣ ಕಾಣ್ಲಿಲ್ಲ ಅಂತ ಚೆಂದಾಗಿ ಬರ್ದಿದ್ರು. ಅದನ್ನ ನಂಬಿ ಸ್ಕ್ಯಾನಿಂಗೂ ಬಿಟ್ವಿ. ಹಂಗ ಬರಿಯಾಕ ನಿಮಗೇನ್ ರೋಗ?"

ನಾನು ಆಕಿನ್ನ ಕೇಳ್ದೆ, "ಗಟ್ಟಿ ಕಫ ಬರಾದಿಲ್ಲೇನಮ್ಮಾ?"

"ಬರ್ತೈತ್ರಿ, ರಕ್ತಾನೂ ಬರ್ತೈತಿ. ನಿಮ್ಮಂಥೋರ ಕೈಗೆ ಅಂಥ ಹೊಲಸು ಹೆಂಗ ಕೊಡಾದ್ರಿ? ಅದನ್ನೆಲ್ಲ ಬಚ್ಚಲಕ್ಕ ಚೆಲ್ಲಿ ತಿಳಿ ಅಷ್ಟೇ ತಂದೀನಿ. ಹೋದ ತಿಂಗಳೂ ಹಂಗ ಮಾಡಿದ್ದೆ."

ಹೊರಗ ಬೆಂಚಿನ ಮ್ಯಾಲೆ ಆಕಿ ಗಂಡ ಟವೆಲ್ ಬಾಯಿಗೆ ಒತ್ತಿಕೊಂಡು ಕೆಮ್ಮತಿದ್ದ.

ಆ ಲ್ಯಾಬಿನೋರು ಸುಳ್ಳೇನೂ ಬರ್ದಿಲ್ರಿ. ಕಾಣ್ಲಿಲ್ಲ ಅಂದ್ರ ಕಾಣ್ಲಿಲ್ಲ. ಕಾಣಬೇಕಂದ್ರ ಅವರ ಮನಿ ಬಚ್ಚಲಕ್ಕ ಮೈಕ್ರೋಸ್ಕೋಪ್ ಇಡಬೇಕಿತ್ತು.